ಒಳದಾರಿ

ನನ್ನ ತಲೆ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಕೋಪ ಮೂಗಿನ ತುದೀಲೇ ಇರುತ್ತೆ, ಅದರಲ್ಲೂ ಎರಡು ಮಾತಿಲ್ಲ. ಬೇಕಾದರೆ ನನ್ನ ತಮ್ಮನ್ನ ಕೇಳಿ. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾನೆ. ನಾವಿಬ್ಬರೂ ಮಹಡಿ ಮನೇಲಿ, ಕೆಳಗಿನ ಮನೇಲಿ ನನ್ನ ಗೆಳತಿ ಪಟಪಟಿ. ಬಾಯಿಗೆ ಬೀಗ ಇಲ್ಲದವಳು ಅಂತ ಕಾಲೇಜಿನಲ್ಲಿ ಆ ಹೆಸರಿಟ್ಟವಳು ನಾನೇ. ಇಂಟರ್ನೆಟ್ಟು, ವಾಷಿಂಗ್ ಮಷೀನು, ತಿಂಗಳ ದಿನಸಿ, ಎಲ್ಲ ಮೂವರಿಗೂ ಸೇರಿ. ಯಾರು ಎಷ್ಟು ಹಾಕಿದರು ಅನ್ನೋ ರಗಳೆ ಸಾಕಾಗಿ ನಾನೂ ಅವಳೂ ಸೇರಿ ಒಂದು ಆ್ಯಪ್ ಮಾಡೋಕೆ ಕೂತೆವು. ಕೋಡು ನನ್ನದು, ಪರದೆ ಹೇಗೆ ಕಾಣಬೇಕು ಅನ್ನೋದು ಅವಳದು.

ಜಗಳ ಶುರುವಾದದ್ದು ಒಂದು ಮೆಸೇಜಿನಿಂದ. ಬಾಕಿ ಇರೋರಿಗೆ ದಿನಾ ಬೆಳಿಗ್ಗೆ ಆ್ಯಪೇ ನೆನಪು ಮಾಡಲಿ ಅಂದೆ ನಾನು.

“ಸ್ನೇಹಿತರನ್ನ ಯಾರಾದ್ರೂ ದಿನಾ ದುಡ್ಡು ಕೇಳ್ತಾರೇನೆ? ಇದು ಆ್ಯಪ್ ಅಲ್ಲ, ಬಡ್ಡಿ ಅಂಗಡಿ!” ಅಂದಳು.

“ಬಣ್ಣ ಬಳಿಯೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು?” ಅಂದುಬಿಟ್ಟೆ.

ಲ್ಯಾಪ್‌ಟಾಪ್ ಮುಚ್ಚಿ ಮೆಟ್ಟಿಲು ಇಳಿದು ಹೋದಳು. ಅವತ್ತಿನಿಂದ ಮಾತು ಬಿಟ್ಟೆವು.

ಆದರೂ ತಿಂಗಳ ಮೊದಲನೇ ತಾರೀಕು ತನ್ನ ಪಾಲಿನ ದುಡ್ಡು ಹಿಡಿದು ಮೇಲೆ ಬರ್ತಿದ್ದಳು. ಫೋನಲ್ಲೇ ಕಳಿಸಬಹುದಿತ್ತು, ಕಳಿಸ್ತಿರಲಿಲ್ಲ. ನೋಟು ಮೇಜಿನ ಮೇಲಿಟ್ಟು “ಎಣಿಸ್ಕೋ” ಅನ್ನೋಳು. “ಎಣಿಸೋದೇನಿದೆ” ಅನ್ನೋಳು ನಾನು. ಆಮೇಲೆ ಕಿಟಕಿಯ ಗಿಡ ನೋಡಿ, “ಇದಕ್ಕೆ ನೀರು ಹಾಕೋಕೂ ಕೈ ಬರಲ್ವಾ?” ಅಂತ ಬೈದು, ತಾನೇ ನೀರು ಹಾಕಿ ಹೋಗೋಳು. ಆ ಒಂದು ದಿನಕ್ಕೆ ನಾನು ತಿಂಗಳಿಡೀ ಕಾಯ್ತಿದ್ದೆ. ಹಾಗಂತ ಬಾಯಿಬಿಟ್ಟು ಹೇಳಿದ್ದರೆ ನನ್ನ ಗಂಟೇನು ಹೋಗ್ತಿತ್ತು? ಹೇಳಲಿಲ್ಲ.

ಈ ನಡುವೆ ಆ್ಯಪ್‌ಗೆ ಹೊಸದೊಂದು ಸೇರಿಸಿದೆ. ‘ಒಳದಾರಿ’ ಅಂತ ಹೆಸರಿಟ್ಟೆ. ಪಟಪಟಿ ನನಗೆ ಕೊಡಬೇಕು, ನಾನು ತಮ್ಮನಿಗೆ ಅಷ್ಟೇ ಕೊಡಬೇಕು ಅಂದ್ರೆ, ಪಟಪಟಿ ನೇರವಾಗಿ ತಮ್ಮನಿಗೇ ಕೊಟ್ಟರಾಯ್ತು. ನಡುವೆ ನಾನ್ಯಾಕೆ? ಮೂವರ ಫೋನಲ್ಲೂ ಆ್ಯಪ್ ಇತ್ತಲ್ಲ, ನಮ್ಮ ಲೆಕ್ಕದ ಮೇಲೇ ಪರೀಕ್ಷೆ ಮಾಡಿದೆ. ಸೊಗಸಾಗಿ ಓಡ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲನೇ ತಾರೀಕು ಬಂತು. ಸಂಜೆ ಬಾಗಿಲು ತೆರೆದಿಟ್ಟು ಕೂತೆ. ಪಟಪಟಿ ಬರಲಿಲ್ಲ, ತಮ್ಮ ಬಂದ.

“ಅಕ್ಕಾ, ಪಟಪಟಿಯಕ್ಕ ಈ ಸಲ ನನ್ನ ಫೋನಿಗೇ ದುಡ್ಡು ಹಾಕಿದ್ರು. ನಿನ್ನ ಆ್ಯಪ್ ಹಾಗೇ ಹೇಳ್ತಂತೆ,” ಅಂದ ಶೂ ಬಿಚ್ಚುತ್ತಾ. “ಮನೆ ಬೇರೆ ಖಾಲಿ ಮಾಡ್ತಿದ್ದಾರೆ. ನಾಳೆ ಬೆಳಿಗ್ಗೆ ಲಾರಿ. ಲಾರಿಯವನಿಗೆ ಮುಂಗಡ ನಾನೇ ಕೊಟ್ಟು ಆ್ಯಪ್‌ನಲ್ಲಿ ಬರೆದಿದ್ದೀನಿ.”

“ನಂಗೇನೂ ಹೇಳಲಿಲ್ವಾ?”

“ನಿಂಗೆ ಕೊಡೋದೇನೂ ಇಲ್ಲ ಅಂತ ತೋರಿಸ್ತಲ್ಲ. ಇನ್ಯಾವ ನೆಪ ಹಿಡ್ಕೊಂಡು ಬರ್ಬೇಕು ಅವರು?”

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ನನ್ನ ಕಥೆ ಅದೇ ಆಯ್ತು. ನನ್ನನ್ನ ನಡುವಿನಿಂದ ಎತ್ತಿ ಹಾಕಿದವಳು ನಾನೇ.

ಫೋನ್ ತೆಗೆದು ಹೊಸ ಖರ್ಚು ಬರೆದೆ: ಚಹಾ, ಇಬ್ಬರಿಗೆ. ದುಡ್ಡು ಕೊಟ್ಟವಳು ಪಟಪಟಿ. ಶುದ್ಧ ಸುಳ್ಳು. ಆದರೆ ನಾನು ಅವಳಿಗೆ ಬಾಕಿ ಬಿದ್ದರೆ, ಕೊಡೋ ನೆಪದಲ್ಲಾದರೂ ಕೆಳಗೆ ಹೋಗಬಹುದಲ್ಲ! ಅವಳು ತಮ್ಮನಿಗೆ ಲಾರಿ ಮುಂಗಡ ಕೊಡಬೇಕಿತ್ತಲ್ಲ, ಆ್ಯಪ್ ಅದನ್ನ ಹಿಡಿದು, “ಈ ಹಣವನ್ನು ತಮ್ಮನಿಗೆ ಕೊಡಿ” ಅಂತು.

“ಥೂ, ನಿನ್ನ!” ಅಂದೆ.

ತಮ್ಮ ಇಣುಕಿ ನೋಡಿ ಕಿಸಕ್ಕನೆ ನಕ್ಕ. “ಮೆಟ್ಟಿಲು ಇಳಿಯೋಕೂ ಆ್ಯಪ್ ಹೇಳ್ಬೇಕೇನಕ್ಕಾ?”

ಚಪ್ಪಲಿ ಹಾಕದೆ ಇಳಿದೆ. ಅವಳ ಬಾಗಿಲು ತೆರೆದೇ ಇತ್ತು. ಗೋಡೆಗೆ ಒತ್ತಿ ರಟ್ಟಿನ ಡಬ್ಬಗಳು, ನಡುವೆ ಫೋನ್ ಹಿಡಿದು ನಿಂತ ಪಟಪಟಿ.

“ನಾನ್ಯಾವಾಗ ನಿಂಗೆ ಚಹಾ ಕೊಡಿಸಿದೆ?”

“ಕೊಡಿಸಿಲ್ಲ. ಈಗ ಮಾಡ್ಕೊಡು.” ಹೊಸ್ತಿಲು ದಾಟಿ ಒಳಗೆ ಹೋದೆ. “ಅವತ್ತು ಆಡಬಾರದ ಮಾತು ಆಡಿಬಿಟ್ಟೆ ಕಣೆ. ನೀನು ಹೀಗೆ ಹೇಳದೆ ಕೇಳದೆ ಹೋದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ.”

ಪಟಪಟಿ, ಅದೂ ಬಾಯಿ ಮುಚ್ಚಿಕೊಂಡು! ನನಗೆ ಭಯವೇ ಆಯ್ತು.

“ಪಾತ್ರೆಯೆಲ್ಲಾ ಕಟ್ಟಿಟ್ಟಾಯ್ತು,” ಅಂದಳು ಕಡೆಗೆ, ಮೂಗು ಒರೆಸಿಕೊಂಡು. “ಯಾವ ಡಬ್ಬದಲ್ಲಿದೆಯೋ ನಂಗೇ ಗೊತ್ತಿಲ್ಲ.” ಕತ್ತರಿ ತಂದು ನನ್ನ ಕೈಗಿಟ್ಟಳು. “ಆ ಕಡೆಯವು ನೀನು ಬಿಚ್ಚು. ಗಿಡಕ್ಕೆ ನೀರು ಹಾಕಿದ್ಯಾ?”

“ಇಲ್ಲ,” ಅಂದೆ.