ಮುಳ್ಳು ಬಿಡಿಸಿದ ಮೀನು

ಹೋಟೆಲಿಗೆ ಹೋಗಿ ಮೆನು ಹಿಡಿದುಕೊಂಡು ಅರ್ಧ ಗಂಟೆ ಪಾರಾಯಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಖಾರದ ಕೋಳಿ, ಮೇಲೆ ಇನ್ನಷ್ಟು ಹಸಿಮೆಣಸಿನಕಾಯಿ, ಪಕ್ಕದಲ್ಲಿ ಅರ್ಧ ನಿಂಬೆಹಣ್ಣು. ನಾನು ಕಾರು ಓಡಿಸುವುದನ್ನು ಕಲಿಸುವವಳು. ಕ್ಲಚ್ ಯಾವುದು, ಬ್ರೇಕ್ ಯಾವುದು ಗೊತ್ತಿಲ್ಲದವರ ಪಕ್ಕ ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂತು, ಕಿರುಚಿ ಕಿರುಚಿ ಗಂಟಲು ಹರಿದುಕೊಂಡವಳಿಗೆ ನಾಲಿಗೆ ಸುಡುವಂಥದ್ದೇ ಬೇಕು. ಸಪ್ಪೆ ಊಟ ಆಸ್ಪತ್ರೆಯಲ್ಲಿ ಹೇಗೂ ಸಿಗುತ್ತದೆ.

ನನ್ನ ತಂಗಿ ಹಾಗಲ್ಲ. ಚಿಕ್ಕಂದಿನಲ್ಲಿ ಅಪ್ಪ ಸಂಬಳದ ದಿನ ನಮ್ಮನ್ನು ಹೋಟೆಲಿಗೆ ಕರೆದೊಯ್ದರೆ ವೇಟರ್‌ನ ಪ್ರಾಣ ಹಿಂಡುತ್ತಿದ್ದಳು. ನೂಡಲ್ಸ್ ಅನ್ನುವಳು. ಅವನು ಬೆನ್ನು ತಿರುಗಿಸಿದ ಕೂಡಲೇ ‘ಬೇಡ ಬೇಡ, ಆಮ್ಲೆಟ್’ ಅನ್ನುವಳು. ಅವನು ಅಡುಗೆಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಮತ್ತೆ ಕೂಗು. ಕೊನೆಗೆ ತನ್ನದನ್ನು ಬಿಟ್ಟು ಎಲ್ಲರ ತಟ್ಟೆಗೂ ಕೊಕ್ಕು ಹಾಕುವಳು. ಅದಕ್ಕೇ ಅಪ್ಪ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟಿದ್ದು.

ಗುಬ್ಬಿಯನ್ನು ಕನ್ನಡಕದ ಅಂಗಡಿಯವನಿಗೆ ಕೊಟ್ಟೆವು. ಬೆಣ್ಣೆಯಂಥ ಮಾತು, ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದವನು ಅಂತ ಅಮ್ಮ ಹಿಗ್ಗಿದಳು. ಅಂಗಡಿಯಲ್ಲಿ ಅವನ ಕೆಲಸವೇ ಕೇಳುವುದು. ಗಿರಾಕಿಯ ಕಣ್ಣ ಮುಂದೆ ಗಾಜು ಬದಲಾಯಿಸುತ್ತಾ, ‘ಇದು ಸ್ಪಷ್ಟವೋ, ಅದೋ? ನಿಧಾನವಾಗಿ ನೋಡಿ ಹೇಳಿ’ ಅನ್ನುತ್ತಾನೆ. ಮನೆಯಲ್ಲಿ ಮಾತ್ರ ಕೇಳುವ ಪದ್ಧತಿಯೇ ಇಲ್ಲ. ಗುಬ್ಬಿ ಯಾವ ಬಣ್ಣ ಉಡಬೇಕು, ಯಾರ ಜೊತೆ ಎಷ್ಟು ಹೊತ್ತು ಮಾತಾಡಬೇಕು, ಎಲ್ಲ ಅವನದೇ. ಎಲ್ಲಾದರೂ ಊಟಕ್ಕೆ ಹೋದರೆ ಮೆನುವಿನ ಫೋಟೋ ತೆಗೆದು ಅವನಿಗೆ ಕಳಿಸಬೇಕು. ಇಂಥದ್ದು ತಿನ್ನು ಅಂತ ಅವನು ಬರೆಯುತ್ತಾನೆ, ಇವಳು ತಿನ್ನುತ್ತಾಳೆ. ಒಮ್ಮೆ ನನ್ನೆದುರೇ ಹಾಗೆ ಮಾಡಿದಾಗ ನಾನು ನಕ್ಕಿದ್ದೆ. ‘ಏನೇ ಇದು, ಉಸಿರಾಡೋಕೂ ಅಪ್ಪಣೆ ಬೇಕಾ?’ ಅಂದರೆ, ‘ಅವರಿಗೆ ನನ್ನ ಮೇಲೆ ಕಾಳಜಿ ಅಕ್ಕ’ ಅಂದಿದ್ದಳು.

ಆ ಕಾಳಜಿ ಕಳೆದ ವಾರ ಅವಳ ಬಲಗೈಯ ಎರಡು ಬೆರಳನ್ನು ಮೇಜಿನ ಡ್ರಾಯರ್‌ನಲ್ಲಿ ಇಡಿಸಿ, ಮೊಣಕಾಲಿನಿಂದ ಡ್ರಾಯರ್ ಮುಚ್ಚಿತು. ಹೇಳದೆ ಪಕ್ಕದ ಮನೆಗೆ ಹೋಗಿದ್ದಳಂತೆ, ಅದಕ್ಕೆ. ಆಗಲೂ ಅವನು ದನಿ ಏರಿಸಲಿಲ್ಲವಂತೆ. ನಾನು ಪೊಲೀಸ್ ಅಂದೆ. ‘ನಾನೇ ಮುಚ್ಕೊಂಡೆ ಅಂತ ಹೇಳ್ತೀನಿ’ ಅಂದಳು. ಡಾಕ್ಟರಿಗೂ ಅದನ್ನೇ ಹೇಳಿದ್ದಳು. ಆದರೂ ಮೂರು ದಿನದ ಹಿಂದೆ ಒಂದು ಚೀಲ ಹಿಡಿದುಕೊಂಡು ನನ್ನ ಬಳಿ ಬಂದಳಲ್ಲ, ಅಷ್ಟು ಸಾಕು ಅಂದುಕೊಂಡೆ. ನಮ್ಮ ಡ್ರೈವಿಂಗ್ ಸ್ಕೂಲಿನ ಮೇಲಿನ ಕೋಣೆಯಲ್ಲಿ, ಹಳೇ ಟೈರುಗಳ ಪಕ್ಕ ಹಾಸಿಗೆ ಹಾಸಿ ಬಚ್ಚಿಟ್ಟೆ. ಫೋನಿಗೆ ಹೊಸ ಸಿಮ್ ಹಾಕಿಸಿದೆ. ಅವನು ಎರಡು ಸಲ ಮನೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ನನ್ನ ಸೋಫಾದಲ್ಲಿ ಕೂತು ಕಣ್ಣೊರೆಸಿಕೊಂಡು ಹೋದ. ನನಗೇನೂ ಗೊತ್ತಿಲ್ಲ ಅಂದೆ. ಅಷ್ಟರಲ್ಲಿ ದೂರದ ಊರಿನಲ್ಲಿ ನನ್ನ ಗೆಳತಿಯ ಬಟ್ಟೆ ಅಂಗಡಿಯಲ್ಲಿ ಅವಳಿಗೊಂದು ಕೆಲಸ, ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ ಗೊತ್ತುಮಾಡಿದೆ. ಅವಳು ಬಸ್ಸು ಹತ್ತಿಬಿಟ್ಟರೆ ಗೆದ್ದಂತೆ.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಖಾಲಿ ಹೊಟ್ಟೆಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ನಿಲ್ದಾಣದ ಎದುರಿನ ಹೋಟೆಲಿಗೆ ನುಗ್ಗಿದೆವು. ಹೊಳೆಯುವ ಟೇಬಲ್ಲು, ಗೋಡೆಯ ಮೇಲೆ ಸದ್ದಿಲ್ಲದೆ ಓಡುವ ಟಿವಿ, ಅಂಗೈಯಗಲದ ಅಕ್ಷರದಲ್ಲಿ ಹೆಸರು, ಫೋನ್ ನಂಬರು ಅಚ್ಚಾದ ಮೆನು. ನನ್ನದನ್ನು ಹೇಳಿ, ‘ನಿನಗೇನು ಬೇಕೋ ಹೇಳು. ಇವತ್ತು ನೀನೇ ರಾಣಿ’ ಅಂದೆ.

ಗುಬ್ಬಿ ಮೆನು ಬಿಡಿಸಿಕೊಂಡು ಕೂತಳು. ಪುಟ ಮಗುಚಿದಳು, ಮತ್ತೆ ಮೊದಲಿಗೆ ಬಂದಳು.

‘ನೋಡ್ತಿರು, ಬಸ್ ಬಂತಾ ವಿಚಾರಿಸ್ಕೊಂಡು ಬರ್ತೀನಿ’ ಅಂತ ರಸ್ತೆ ದಾಟಿದೆ. ಬಸ್ಸು ಬಂದು ನಿಂತಿತ್ತು. ಕಂಡಕ್ಟರು ಸಾಮಾನು ತುಂಬಿಸುತ್ತಿದ್ದ. ನಾನು ವಾಪಸು ಬಂದಾಗ ಗುಬ್ಬಿ ಮೆನು ಮಡಚಿಟ್ಟು, ಹಗುರವಾಗಿ ಕೂತಿದ್ದಳು.

‘ಹೇಳಾಯ್ತಾ?’

‘ಹ್ಞೂಂ, ಆಯ್ತು.’

‘ಏನು ಹೇಳಿದೆ?’

‘ಬರುತ್ತೆ ಅಕ್ಕ, ನೋಡಣ.’

ಅಬ್ಬ, ನಮ್ಮ ಹಳೇ ಗುಬ್ಬಿ ಎದ್ದಳು ಅಂತ ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಕೋಳಿ ಬಂದ ಕೂಡಲೇ ದೊಡ್ಡ ತುಂಡನ್ನು ಅವಳ ಮುಂದೆ ಹಿಡಿದೆ. ‘ಬೇಡ, ನನ್ನದು ಬರಲಿ’ ಅಂದಳು. ಹಾಸ್ಟೆಲಿನ ಊಟದ ಬಗ್ಗೆ ತಮಾಷೆ ಮಾಡಿದೆ. ನಕ್ಕಳು ಕೂಡ.

ಸ್ವಲ್ಪ ಹೊತ್ತಿಗೆ ವೇಟರ್ ಅವಳ ಮುಂದೆ ಒಂದು ಅಗಲವಾದ ತಟ್ಟೆ ಇಟ್ಟ. ಹಬೆಯಲ್ಲಿ ಬೇಯಿಸಿದ ಇಡೀ ಮೀನು. ಎಣ್ಣೆಯಿಲ್ಲ, ಖಾರವಿಲ್ಲ, ಮೈಮೇಲೆ ಒಂದೆರಡು ಎಸಳು ಸೊಪ್ಪು.

‘ಉಪ್ಪು ಕಡಿಮೆ ಹಾಕ್ಸಿದ್ದೀನಿ ಮೇಡಂ. ಸರ್ ಫೋನ್‌ನಲ್ಲಿ ಹೇಳಿದ್ರು.’

‘ಯಾವ ಸರ್?’ ಅಂದೆ.

‘ಇವರ ಯಜಮಾನ್ರು. ಕೈಗೆ ಬ್ಯಾಂಡೇಜ್ ಹಾಕ್ಕೊಂಡಿರೋ ಮೇಡಂಗೆ ಕೊಡಿ ಅಂದ್ರು. ಹೊರಟಿದ್ದಾರಂತೆ, ಈಗ ಬರ್ತಾರಂತೆ.’ ಅವನು ನಗುನಗುತ್ತಾ ಹೋದ.

ಗುಬ್ಬಿಯ ಫೋನ್ ಕಿತ್ತುಕೊಂಡು ನೋಡಿದೆ. ಮೆನುವಿನ ಫೋಟೋ. ಮೇಲ್ಗಡೆ ಹೋಟೆಲಿನ ಹೆಸರು, ನಂಬರು, ಒಂದಕ್ಷರವೂ ಮಸುಕಾಗದೆ. ಅದರ ಕೆಳಗೆ ಅವನ ಉತ್ತರ: ‘ಸ್ಟೀಮ್ ಫಿಶ್ ತಿನ್ನು ಚಿನ್ನ. ನಾನೇ ಹೇಳ್ತೀನಿ.’

‘ಅಯ್ಯೋ ನಿನ್ನ ಕರ್ಮವೇ! ಯಾಕೇ ಕಳಿಸಿದೆ?’

‘ಗೊತ್ತಾಗ್ಲಿಲ್ಲ ಅಕ್ಕ.’ ಅವಳ ಮುಖ ಬಿಳಿಚಿಕೊಂಡಿತ್ತು. ‘ಅಷ್ಟೊಂದು ಇತ್ತು ಅದರಲ್ಲಿ. ಯಾವುದು ಅಂತ ನೋಡ್ತಾ ನೋಡ್ತಾ ತಲೆ ಸುತ್ತಿ ಬಂತು. ಕೈ ತಾನೇ ತೆಗೆದು ಕಳಿಸಿಬಿಡ್ತು. ಆಮೇಲೆ ನಂಗೆ ಆರಾಮಾಯ್ತು.’

‘ಏಳು. ಮೀನು ಮಣ್ಣು ಪಾಲಾಗ್ಲಿ, ಏಳು ಮೊದಲು!’ ಅವಳ ಮೊಣಕೈ ಹಿಡಿದು ಎಳೆದೆ. ಅವಳು ಕಾಲುಗಳನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡು ಕೂತಳು. ಎರಡು ಟೇಬಲಿನವರು ತಿರುಗಿ ನೋಡಿದರು. ನೋಡಲಿ, ನನಗೇನು? ಇನ್ನೊಮ್ಮೆ ಎಳೆದೆ. ಕುರ್ಚಿ ಕಿರ್ರೆಂದಿತೇ ಹೊರತು ಅವಳು ಏಳಲಿಲ್ಲ.

‘ಬಿಡು ಅಕ್ಕ, ದಮ್ಮಯ್ಯ. ಬಸ್ ಸ್ಟ್ಯಾಂಡ್ ಎದುರಿಗೇ ಇದೆ, ಅವರಿಗೆ ಗೊತ್ತಾಗಲ್ವಾ? ಅಲ್ಲಿ ಸಿಕ್ಕಿಬಿದ್ರೆ ಓಡಿಹೋಗ್ತಿದ್ದೆ ಅಂತಾಗುತ್ತೆ. ಇಲ್ಲೇ ತಿಂತಾ ಕೂತಿದ್ರೆ ನಾನೇ ಕರೆದೆ ಅಂತಾಗುತ್ತೆ.’ ಎಡಗೈಯಿಂದ ಮೀನನ್ನು ಕೆದಕತೊಡಗಿದಳು. ‘ಅವರು ಬರೋದ್ರೊಳಗೆ ಸ್ವಲ್ಪನಾದ್ರೂ ತಿಂದಿರ್ಬೇಕು.’

ನನಗೆ ಅವಳ ಕಪಾಳಕ್ಕೆ ಬಾರಿಸಬೇಕೆನಿಸಿತು, ಅಪ್ಪಿಕೊಂಡು ಅಳಬೇಕೆನಿಸಿತು. ಎರಡನ್ನೂ ಮಾಡಲು ಹೊತ್ತು ಸಿಗಲಿಲ್ಲ. ಗಾಜಿನ ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಅವಳ ಸ್ವೆಟರು.

‘ಕೂತ್ಕೊಳ್ಳಿ ಅಕ್ಕ. ಯಾಕೆ ನಿಂತಿದ್ದೀರಿ?’ ಅಂದ. ಗುಬ್ಬಿಯ ಭುಜಕ್ಕೆ ಸ್ವೆಟರು ಹೊದಿಸಿ, ಪಕ್ಕದಲ್ಲಿ ಕೂತ.

‘ನಾನೇ ಫೋಟೋ ಕಳಿಸ್ದೆ ಅಲ್ವಾ?’ ಅಂದಳು ಗುಬ್ಬಿ.

‘ಹೌದು, ಜಾಣೆ.’

ಕೈ ತೊಳೆದು ಬಂದು ಅವಳ ತಟ್ಟೆ ತನ್ನತ್ತ ಎಳೆದುಕೊಂಡ. ಮೀನಿನ ಬೆನ್ನು ಬಿಡಿಸಿ, ನಡುಮುಳ್ಳನ್ನು ಮುರಿಯದೆ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಚಿಕ್ಕ ಮುಳ್ಳುಗಳನ್ನು ಕನ್ನಡಕ ಸರಿಮಾಡಿಕೊಳ್ಳುತ್ತಾ ಒಂದೊಂದಾಗಿ ಆರಿಸಿದ. ಬಿಳಿಯ ತುಂಡನ್ನು ಊದಿ, ಅವಳ ಬಾಯಿಗಿಟ್ಟ. ಪಕ್ಕದ ಟೇಬಲಿನ ಹೆಂಗಸು ತನ್ನ ಗಂಡನನ್ನು ತಿವಿದು, ‘ನೋಡ್ರೀ, ನೋಡಿ ಕಲೀರಿ’ ಅಂದಳು. ಗುಬ್ಬಿಯ ಗಂಡ ಅವಳ ಕಡೆಗೂ ಒಂದು ನಗೆ ಬೀರಿದ. ಥೂ!

‘ನನ್ನ ತಂಗಿ ಬಸ್ ಹತ್ತಬೇಕು,’ ಅಂದೆ. ‘ಅವಳನ್ನ ಬಿಟ್ಟು ಏಳಿ ಮೇಲೆ.’

ಅವನು ಬೈಯಲಿಲ್ಲ. ಟಿಶ್ಯೂವಿನಿಂದ ಕೈ ಒರೆಸಿಕೊಂಡು, ಟೇಬಲಿನ ಮೇಲಿದ್ದ ಅವಳ ಬ್ಯಾಂಡೇಜಿನ ಕೈಮೇಲೆ ತನ್ನ ಕೈಯಿಟ್ಟ. ಒತ್ತಲಿಲ್ಲ, ಸುಮ್ಮನೆ ಇಟ್ಟ. ಗುಬ್ಬಿ ಅಗಿಯುವುದನ್ನು ನಿಲ್ಲಿಸಿದಳು.

‘ಅಕ್ಕ ಯಾಕೋ ಸಿಟ್ಟಲ್ಲಿದ್ದಾರೆ. ಖಾರ ತಿಂದ್ರೆ ಹೀಗೇ ಆಗೋದು.’ ವೇಟರ್‌ನನ್ನು ಕರೆದ. ‘ಈ ಕೋಳಿ ತಗೊಂಡು ಹೋಗಿ. ಅವರಿಗೂ ಇದೇ ಮೀನು ಕೊಡಿ.’

‘ನನ್ನ ತಟ್ಟೆ ಮುಟ್ಟಿದ್ರೆ ನೋಡು...’ ಅಂತ ಶುರುಮಾಡಿದೆ. ಅವಳ ಬ್ಯಾಂಡೇಜಿನ ಮೇಲಿದ್ದ ಅವನ ಬೆರಳು ಮಡಚಿಕೊಂಡವು. ಗುಬ್ಬಿಯ ಬಾಯಿಂದ ಸದ್ದೇ ಬರಲಿಲ್ಲ, ಕಣ್ಣು ಮಾತ್ರ ತುಂಬಿತು.

‘ತಿನ್ನಕ್ಕ,’ ಅಂದಳು. ‘ತಿಂದುಬಿಡು.’

ವೇಟರ್ ನನ್ನ ತಟ್ಟೆ ಎತ್ತಿಕೊಂಡು ಹೋದ. ಹೊರಗೆ ಕಂಡಕ್ಟರು ಬಸ್ಸಿನ ಮೈ ಬಡಿಯುತ್ತಾ ಊರಿನ ಹೆಸರು ಕೂಗುತ್ತಿದ್ದ. ಹತ್ತುವವರು ಹತ್ತಿದರು, ಬಾಗಿಲು ಮುಚ್ಚಿತು, ಬಸ್ಸು ತಿರುಗಿಕೊಂಡು ಹೋಯಿತು. ನಮ್ಮಲ್ಲಿ ಯಾರೂ ಆ ಕಡೆ ನೋಡಲಿಲ್ಲ. ಇಪ್ಪತ್ತು ವರ್ಷದಿಂದ ಗಂಡಸರನ್ನು ಸ್ಟೀರಿಂಗ್ ಹಿಂದೆ ಕೂರಿಸಿ ಬೈದವಳು ನಾನು. ಅಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಆಡಿದರೆ ಆ ಕೈಗೆ ಏನಾಗುತ್ತದೆ ಅಂತ ಅವನು ತೋರಿಸಿಯಾಗಿತ್ತು.

ನನ್ನ ಮೀನೂ ಬಂತು. ಅವನು ಒಂದೇ ಕೈಯಿಂದ ಅದರ ಮುಳ್ಳನ್ನೂ ಬಿಡಿಸಿ ನನ್ನ ಮುಂದಿಟ್ಟ. ಇನ್ನೊಂದು ಕೈ ಇದ್ದಲ್ಲೇ ಇತ್ತು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ನುಂಗಿದೆ.

‘ಹೇಗಿದೆ ಅಕ್ಕ?’

‘ಚೆನ್ನಾಗಿದೆ.’

‘ಇನ್ನೊಂದು ಸ್ವಲ್ಪ?’

ಗುಬ್ಬಿ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ತಟ್ಟೆ ಮುಂದಕ್ಕೆ ಮಾಡಿದೆ.