ಒದ್ದೆ ನೋಟಿಗೆ ಇಸ್ತ್ರಿ

ಬರೀ ಕಾರ್ಡು ಹಿಡಿದು ಊಟಕ್ಕೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮೇರೋ ದ್ವೀಪದಲ್ಲಿ ದುಡ್ಡು ತೆಗೆಯುವ ಯಂತ್ರವಿಲ್ಲ, ಯೂನಿಯನ್ ದ್ವೀಪಕ್ಕೆ ದೋಣಿ ಹತ್ತಬೇಕು. ಇದನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ನೇತುಹಾಕಿದ್ದೇನೆ. ಆದರೂ ಆ ಮಂಗಳವಾರ ಹಾಯಿದೋಣಿಯಿಂದ ಇಳಿದ ಆರು ಜನ ಸುಟ್ಟ ಲಾಬ್‌ಸ್ಟರ್ ತಿಂದು, ಬೆರಳು ನೆಕ್ಕಿ, ಆಮೇಲೆ ಕಾರ್ಡು ಚಾಚಿದರು.

ಅವರನ್ನಂದು ಏನು ಪ್ರಯೋಜನ? ನಮ್ಮ ಊಟದಂಗಡಿಯ ಹಣದ ಡಬ್ಬಿ ನನ್ನ ಅತ್ತೆ ಇಸ್ಮೇ ಅವರ ಕೈಯಲ್ಲಿದೆ. ಬ್ಯಾಂಕಿನಿಂದ ನಾನು ತಂದ ಕಾರ್ಡಿನ ಮಿಷನ್ನನ್ನು ಎರಡು ದಿನ ಅತ್ತಿತ್ತ ತಿರುಗಿಸಿ ವಾಪಸು ಕಳಿಸಿದವರು ಅವರೇ. ಕೈಗೆ ಸಿಗದ್ದು ದುಡ್ಡೇ ಅಲ್ಲವಂತೆ. ಕಣ್ಣಿನ ವಿಷಯದಲ್ಲೂ ಇದೇ ಹಟ. ಪೊರೆ ತೆಗೆಸದಿದ್ದರೆ ಇರುವ ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಎರಡು ಸಲ ಆಪರೇಷನ್ನಿಗೆ ದಿನ ಗೊತ್ತು ಮಾಡಿದೆ, ಎರಡು ಸಲವೂ ಆಸ್ಪತ್ರೆಯಿರುವ ಕಿಂಗ್ಸ್‌ಟೌನಿನ ದೋಣಿ ಅವರನ್ನು ಬಿಟ್ಟೇ ಹೋಯಿತು. ಮೂರನೆಯ ಸಲ ಗೊತ್ತಾದ ದಿನ ಆ ಮಂಗಳವಾರದ ಮರುದಿನವೇ ಇತ್ತು. ಬರುವುದಿಲ್ಲ ಎಂದು ಅತ್ತೆ ಬೆಳಿಗ್ಗೆಯೇ ಹೇಳಿಯಾಗಿತ್ತು.

ಕೊನೆಗೆ ಆ ಆರು ಜನರಲ್ಲೊಬ್ಬ ಯೂನಿಯನ್‌ಗೆ ಹೋಗಿ ನೋಟು ತಂದ. ಸೊಂಟದವರೆಗಿನ ನೀರಲ್ಲಿ ನಡೆದು ಬಂದವನ ಚಡ್ಡಿಯ ಜೇಬಿನಿಂದ ನೋಟಿನ ಜೊತೆ ಸಮುದ್ರವೂ ಸುರಿಯಿತು. ನಮ್ಮ ದಂಡೆಯಲ್ಲಿ ಇದೇನು ಹೊಸದಲ್ಲ. ಒದ್ದೆ ನೋಟನ್ನು ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿ ಮಾಡುತ್ತೇವೆ, ಅತ್ತೆ ನಲವತ್ತು ವರ್ಷದಿಂದ ಮಾಡುತ್ತ ಬಂದಿದ್ದಾರೆ. ಆದರೆ ಆ ವರ್ಷ ಪ್ಲಾಸ್ಟಿಕ್ಕಿನ ಹೊಸ ನೋಟು ಬಂದಿತ್ತು. ಒರೆಸಿದರೆ ಸಾಕು, ಒಣಗುತ್ತದೆ. ಹತ್ತು ಸಲ ಹೇಳಿದ್ದೆ.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಸುಟ್ಟ ವಾಸನೆ ಬಂತು. ಓಡಿ ಬಂದು ನೋಡಿದರೆ ನೂರರ ನಾಲ್ಕು ನೋಟುಗಳು ಕರಿದ ಹಪ್ಪಳದ ಹಾಗೆ ಮುದುರಿ ಕೂತಿವೆ, ಅತ್ತೆ ಐದನೆಯದನ್ನು ಸಮಾಧಾನವಾಗಿ ಬಟ್ಟೆಯೊಳಗೆ ಇಡುತ್ತಿದ್ದಾರೆ. ನನ್ನ ಬಾಯಿಗೆ ತಡೆಯೇ ಇರಲಿಲ್ಲ. ಮಿಷನ್ ವಾಪಸು ಕಳಿಸಿದ್ದರಿಂದ ಹಿಡಿದು ಎಲ್ಲವನ್ನೂ ಎತ್ತಿ ಆಡಿದೆ.

ನಾನು ಒಂದಂದರೆ ಹತ್ತು ಅನ್ನುವ ಅತ್ತೆ ಅವತ್ತು ಮುದುರಿದ ನೋಟೊಂದನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು.

"ಕಾಗದದ್ದು ಅಂದ್ಕೊಂಡೆ," ಎಂದರು.

"ಕಣ್ಮುಂದೇನೇ ಮುದುರ್ತಾ ಇದೆಯಲ್ಲ ಅತ್ತೆ, ಕಾಣಲ್ವಾ?"

"ಕಾಣಲ್ಲ ಕಣೇ ವರ್ಲಿನ್."

ನಾನು ಇಸ್ತ್ರಿಪೆಟ್ಟಿ ಆರಿಸಿದೆ.

"ಆ ಮಿಷನ್ ಮೇಲಿನ ಅಂಕಿ ಒಂದೂ ಕಾಣ್ಲಿಲ್ಲ. ಹಳೇ ನೋಟಾದ್ರೆ ಬೆರಳಿಗೇ ತಿಳಿಯೋದು. ಆಸ್ಪತ್ರೆಗೆ ಹೋದ್ರೆ ಎಷ್ಟು ಕುರುಡಿ ಅಂತ ನಿಂಗೂ ಗೊತ್ತಾಗುತ್ತೆ, ಡಬ್ಬಿ ಕಿತ್ಕೋತೀಯ ಅಂತ ಹೆದರಿದ್ದೆ."

ಇನ್ನೇನು ಬೈಯಲಿ? ಇಷ್ಟು ದಿನ ಅವರ ಹಟದ ಜೊತೆ ಜಗಳವಾಡಿದೆ ಅಂದುಕೊಂಡಿದ್ದೆ, ಆಡಿದ್ದು ಅವರ ಭಯದ ಜೊತೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಡಬ್ಬಿಯನ್ನು ಎತ್ತಿ ಅವರ ಮಡಿಲಲ್ಲೇ ಇಟ್ಟೆ.

ಬೆಳಗಾಗುವ ಮೊದಲೇ ಅವರು ಟೋಪಿ ಹಾಕಿಕೊಂಡು ಹೊಸಿಲ ಮೇಲೆ ಕೂತಿದ್ದರು. ಕಿಂಗ್ಸ್‌ಟೌನ್ ದೋಣಿಯಲ್ಲಿ ಟಿಕೆಟ್ಟಿನವನು ಬಂದಾಗ ಅವರೇ ದುಡ್ಡು ಕೊಡಲಿ ಎಂದು ಕೂತೆ. ಅವರು ಡಬ್ಬಿ ತೆರೆದು ಹೊತ್ತುಗಟ್ಟಲೆ ತಡಕಿದರು, ಆಮೇಲೆ ಅದನ್ನು ನನ್ನತ್ತ ತಳ್ಳಿದರು.

"ನೀನೇ ಎಣ್ಸು. ಇವಕ್ಕೆ ಇಸ್ತ್ರಿ ಹಾಕಿಲ್ಲ."