ನಾಲ್ಕೂ ಕಡೆಗೆ ಕಾಣಬೇಕಾದ ದೀಪ

ವರದಿ ಒಂದೇ ಪುಟದ್ದು. ಬಂದರು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಅದರ ಅಂಟು ಇನ್ನೂ ಆರಿರಲಿಲ್ಲ. ಬಲ್ಬಕ್ಕ ಅದರ ಮುಂದೆ ನಿಂತು ಎರಡು ಸಲ ಓದಿದಳು. ಲಂಗರು ಹಾಕಿ ನಿಂತಿದ್ದ ಮೀನುಗಾರಿಕೆ ಬೋಟಿನಲ್ಲಿ ದೀಪ ಉರಿಯುತ್ತಿರಲಿಲ್ಲ. ಅದರಲ್ಲಿ ಮಲಗಿದ್ದವನ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ. ಕೆಳಗೆ ಅಧಿಕಾರಿಯ ಸಹಿ, ದುಂಡನೆಯ ಮುದ್ರೆ.

ಮಲಗಿದ್ದವನು ಅವಳ ತಮ್ಮ. ಹನ್ನೆರಡು ದಿನದ ಹಿಂದೆ, ಬೆಳಕು ಹರಿಯಲು ಇನ್ನೂ ಎರಡು ತಾಸು ಇರುವಾಗ, ಸಮುದ್ರದ ಕಡೆಯಿಂದ ನದಿಯ ಅಳಿವೆಯೊಳಗೆ ಬರುತ್ತಿದ್ದ ಪ್ರಯಾಣಿಕರ ಲಾಂಚು ಆ ಬೋಟಿನ ಹಿಂಭಾಗಕ್ಕೆ ಗುದ್ದಿತ್ತು. ಅವನ ಎಡಗಾಲು ಜಜ್ಜಿಹೋಗಿ, ಆಸ್ಪತ್ರೆಯವರು ಅದನ್ನು ಮಂಡಿಯ ಕೆಳಗೆ ತೆಗೆದಿದ್ದರು. ಈಗ ಈ ಹಾಳೆ ಅವನನ್ನೇ ತಪ್ಪಿತಸ್ಥ ಅನ್ನುತ್ತಿತ್ತು.

ಬಲ್ಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕೋಪ ಅವಳಿಗೆ ಹೊಸದಲ್ಲ. ಅದು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಜೆಟ್ಟಿಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಅವಳ ಅಂಗಡಿ. ಬೋಟುಗಳಿಗೆ ದೀಪ, ಬ್ಯಾಟರಿ, ವೈರು. ಗಂಡ ತೀರಿಕೊಂಡ ಮೇಲೆ ಅವನ ಸ್ಕ್ರೂಡ್ರೈವರ್ ಹಿಡಿದು ಕೂತವಳು, ಅವನಿಗಿಂತ ಚೆನ್ನಾಗಿ ಕೆಲಸ ಕಲಿತಳು, ಅವನಿಗಿಂತ ಜೋರಾಗಿ ಬೈಯುವುದನ್ನೂ ಕಲಿತಳು. ತಂತಿಯ ತುದಿಗೆ ಟೇಪು ಸುತ್ತದೆ ಬಂದ ಗಿರಾಕಿಗೆ ಮೊದಲು ಮಂಗಳಾರತಿ, ಆಮೇಲೆ ರಿಪೇರಿ. ಜನ ನಗುತ್ತಲೇ ಬೈಸಿಕೊಳ್ಳುತ್ತಿದ್ದರು, ಯಾಕೆಂದರೆ ಅವಳು ಹಾಕಿದ ದೀಪ ಆರುತ್ತಿರಲಿಲ್ಲ.

ತಮ್ಮ ಮಲಗಿದ್ದ ಬೋಟು ಅಣ್ಣನದು. ಅದರ ಕ್ಯಾಬಿನ್ ಮೇಲೆ ಲಂಗರು ದೀಪದ ಕಂಬ ನಿಲ್ಲಿಸಿದವಳು ಅವಳೇ, ಹೋದ ವರ್ಷ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ತಮ್ಮ ಮೊದಲು ಹೇಳಿದ ಮಾತೂ ಅದೇ: ಅಕ್ಕ, ದೀಪ ಹಾಕೇ ಮಲಗಿದ್ದೆ.

ಅವಳು ಒಳಗೆ ಹೋಗಿ ಅಧಿಕಾರಿಯನ್ನು ಕೇಳಿದಳು. ಲಾಂಚಿನ ಚಾಲಕ ದೀಪ ಕಾಣಲಿಲ್ಲ ಎಂದಿದ್ದಾನೆ, ಅದರಲ್ಲಿದ್ದ ಆರು ಪ್ರಯಾಣಿಕರೂ ಕಾಣಲಿಲ್ಲ ಎಂದಿದ್ದಾರೆ, ಇನ್ನೇನು ಬೇಕು ಎಂದು ಅವನು ಫೈಲು ಮುಚ್ಚಿದ. ದೀಪವನ್ನು ಪರೀಕ್ಷೆ ಮಾಡಿದಿರಾ ಎಂದಳು. ಒಡೆದ ಬಲ್ಬಿನಲ್ಲಿ ಪರೀಕ್ಷೆ ಮಾಡಲು ಏನಿರುತ್ತೆ ತಾಯಿ ಎಂದು ಅವನು ನಕ್ಕ.

ಮೂರು ದಿನ ಅವಳು ಕಚೇರಿಯ ಬೆಂಚು ಬಿಡಲಿಲ್ಲ. ಅಂಗಡಿಗೆ ಬೀಗ. ಗುಮಾಸ್ತ ಸಾಹೇಬರಿಲ್ಲ ಎಂದರೆ, ಅವರ ಚಪ್ಪಲಿ ಬಾಗಿಲಲ್ಲಿದೆಯಲ್ಲ, ಕಾಲು ಎಲ್ಲಿಗೆ ಹೋಯಿತು ಎಂದು ಕೇಳಿದಳು. ಕೊನೆಗೆ ಅವಳ ಕಾಟ ತಡೆಯಲಾರದೆ ಅಧಿಕಾರಿ ಮರುವಿಚಾರಣೆಗೆ ಒಂದು ಬೆಳಿಗ್ಗೆ ಕೊಟ್ಟ. ಬೋಟಿನ ಮಾಲೀಕನೆಂದು ಅಣ್ಣನನ್ನು ಕರೆಸಿದರು, ಲಾಂಚಿನ ಚಾಲಕನೂ ಬಂದ. ಮೆಟ್ಟಿಲ ಕೆಳಗೆ ಬಿದ್ದಿದ್ದ ಗೋಣಿಚೀಲದಿಂದ ಒಡೆದ ದೀಪವನ್ನು ತೆಗೆಸಿದರು.

ಬಲ್ಬಕ್ಕ ಒಂದು ಬ್ಯಾಟರಿ, ಅದೇ ಜಾತಿಯ ಎರಡು ಹೊಸ ಬಲ್ಬು, ಒಂದು ಇಕ್ಕಳ ತಂದಿದ್ದಳು. ಅಧಿಕಾರಿಯ ಮೇಜಿನ ಮೇಲೆ ಟವೆಲು ಹಾಸಿ, ಮೊದಲನೇ ಬಲ್ಬನ್ನು ಉರಿಸದೆ ಗಾಜು ಒಡೆದಳು. ಒಳಗಿನ ಸುರುಳಿ ತಂತಿ ಹೊಳೆಯುತ್ತ ಹಾಗೇ ಇತ್ತು. ಎರಡನೆಯದನ್ನು ಬ್ಯಾಟರಿಗೆ ಕೊಟ್ಟು, ಅದು ಉರಿಯುವಾಗ ಒಡೆದಳು. ಚಿಟ್ ಎಂದು ಸದ್ದಾಗಿ ಬಿಳಿ ಹೊಗೆ ಎದ್ದಿತು. ತಂತಿ ಎಳೆದಂತೆ ಉದ್ದವಾಗಿ, ಕಪ್ಪುಗಟ್ಟಿ, ಸುತ್ತಲ ಗಾಜಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಆಮೇಲೆ ಅವಳು ಬೋಟಿನ ಬಲ್ಬಿನ ತಳವನ್ನು ಎರಡರ ನಡುವೆ ಇಟ್ಟಳು.

“ಇದು ಯಾವುದರ ಥರ ಇದೆ, ನೀವೇ ಹೇಳಿ ಸಾರ್,” ಎಂದಳು.

ಅಧಿಕಾರಿ ಕನ್ನಡಕ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಕಪ್ಪು ತಂತಿ, ಬಿಳಿ ಪುಡಿ. ಗುಮಾಸ್ತನೂ ಬಗ್ಗಿ ನೋಡಿ ತಲೆಯಾಡಿಸಿಬಿಟ್ಟ. ದೀಪ ಉರಿಯುತ್ತಿತ್ತು ಎಂದು ಬರೆಯದೆ ವಿಧಿಯಿರಲಿಲ್ಲ.

ಹಾಗಾದರೆ ಕಾಣದೆ ಹೋದದ್ದು ಯಾರ ಕಣ್ಣಿಗೆ? ಎಲ್ಲರೂ ಚಾಲಕನ ಕಡೆ ತಿರುಗಿದರು. ನಡುವಯಸ್ಸಿನ ಸಣಕಲು ಮನುಷ್ಯ. ಬಲ್ಬಕ್ಕ ಅವನಿಗೆ ಏನೆಲ್ಲ ಅಂದಳೋ ಅವಳಿಗೇ ಆಮೇಲೆ ಸರಿಯಾಗಿ ನೆನಪಿರಲಿಲ್ಲ. ನಿದ್ದೆಗಣ್ಣಲ್ಲಿ ಲಾಂಚು ಓಡಿಸಿದೆ, ಒಬ್ಬನ ಕಾಲು ತೆಗೆದೆ, ಮೇಲೆ ಸುಳ್ಳು ಬೇರೆ ಹೇಳಿದೆ, ನಿನ್ನ ಕಣ್ಣು ಇದ್ದರೆಷ್ಟು ಹೋದರೆಷ್ಟು ಎಂದೆಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೇ ಮಾತು ಹೇಳಿದ.

“ಅಕ್ಕ, ನಾನು ಎದ್ದೇ ಇದ್ದೆ. ಕಂಡಿದ್ರೆ ಗುದ್ದುತ್ತಿದ್ನಾ?”

ಅಧಿಕಾರಿ ಅವನನ್ನು ಕೆಲಸದಿಂದ ಅಮಾನತು ಮಾಡಿಸುವುದಾಗಿ ಬರೆದುಕೊಂಡ. ಅಣ್ಣ ಅಷ್ಟೂ ಹೊತ್ತು ಗೋಡೆಗೆ ಆನಿಕೊಂಡು ನೆಲ ನೋಡುತ್ತ ನಿಂತಿದ್ದವನು, ಹೊರಗೆ ಬಂದ ಮೇಲೆ, ಸಾಕು ಬಾ, ತಮ್ಮನ ಹೆಸರು ಉಳಿಯಿತಲ್ಲ, ಇನ್ನು ಇದನ್ನು ಕೆದಕಬೇಡ ಎಂದ.

ಗೆದ್ದವಳಿಗೆ ಮನೆಗೆ ಹೋಗಿ ಊಟ ಸೇರಬೇಕಿತ್ತು. ಸೇರಲಿಲ್ಲ. ಆ ಮನುಷ್ಯ ಹೇಳಿದ್ದು ಕಿವಿಯಲ್ಲೇ ಕೂತಿತ್ತು. ಸುಳ್ಳು ಹೇಳುವವರು ಹಾಗೆ ಹೇಳುವುದಿಲ್ಲ. ಅವರು ಇನ್ನೂ ಹತ್ತು ಮಾತು ಸೇರಿಸುತ್ತಾರೆ. ಅವನೊಬ್ಬ ಹೋಗಲಿ, ಆರು ಪ್ರಯಾಣಿಕರು? ಉರಿಯುತ್ತಿದ್ದ ದೀಪ ಏಳು ಜನರ ಕಣ್ಣಿಗೆ ಹೇಗೆ ಬೀಳದೆ ಹೋಯಿತು?

ಮರುದಿನ ಬೆಳಿಗ್ಗೆ ಅವಳು ದೋಣಿ ರಿಪೇರಿಯ ಅಂಗಳಕ್ಕೆ ಹೋದಳು. ಬೋಟನ್ನು ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ್ದರು, ಹಿಂಭಾಗ ಸೀಳಿ ಬಾಯಿ ಬಿಟ್ಟುಕೊಂಡಿತ್ತು. ಏಣಿ ಹತ್ತಿ ಕ್ಯಾಬಿನ್ನಿನ ಮಾಡಿನ ಮೇಲೆ ನಿಂತಳು. ಕಂಬವನ್ನು ಹೋದ ವರ್ಷ ಅವಳು ನಿಲ್ಲಿಸಿದ್ದು ಮಾಡಿನ ಮುಂದಿನ ಅಂಚಿನಲ್ಲಿ. ಅದು ಬುಡದಲ್ಲಿ ಮುಂದಕ್ಕೆ ಬಾಗಿತ್ತು. ಬಿಳಿ ಬಣ್ಣದ ಮೇಲೆ ಹಿಂದಿನಿಂದ ಏನೋ ಉಜ್ಜಿದಂತೆ ಕಪ್ಪು ಗೀರು. ಅವಳು ಕಂಬದ ಹಿಂದೆ ನೋಡಿದಳು. ನಾಲ್ಕು ಬೋಲ್ಟಿನ ತೂತು, ಹೊಸದಾಗಿ ಮೇಣ ತುಂಬಿ ಮುಚ್ಚಿದ್ದು. ಪಕ್ಕದಲ್ಲಿ ಒಂದು ನೀರಿನ ಪೈಪು ಮಾಡನ್ನು ತೂರಿ ಮೇಲೆ ಬಂದು, ಅಲ್ಲೇ ಕತ್ತರಿಸಿ ನಿಂತಿತ್ತು. ಅದರ ಇನ್ನೊಂದು ತುದಿ ಕೆಳಗೆ ಅಡುಗೆ ಮೂಲೆಯ ನಲ್ಲಿಗೆ ಹೋಗಿತ್ತು.

ನೀರಿನ ಟ್ಯಾಂಕು. ಇಲ್ಲೊಂದು ಟ್ಯಾಂಕು ಕೂತಿತ್ತು, ದೀಪದ ಬೆನ್ನಿಗೆ ಸರಿಯಾಗಿ, ದೀಪಕ್ಕಿಂತ ಎತ್ತರವಾಗಿ. ಕಪ್ಪು ಪ್ಲಾಸ್ಟಿಕ್ಕಿನದು. ಆ ನಸುಕಿನಲ್ಲಿ ಇಳಿತ ಇತ್ತು. ನೀರು ಸಮುದ್ರಕ್ಕೆ ಹರಿಯುವಾಗ ಲಂಗರಿನ ಬೋಟು ಊರ ಕಡೆ ಮುಖ ಮಾಡಿ, ಸಮುದ್ರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತದೆ. ದೀಪ ಊರಿಗೆ ಕಾಣುತ್ತಿತ್ತು. ಸಮುದ್ರದಿಂದ ಬಂದವನ ಕಣ್ಣಿಗೆ ಇದ್ದದ್ದು ಕತ್ತಲಲ್ಲಿ ಒಂದು ಕಪ್ಪು ಟ್ಯಾಂಕು.

ಅಂಗಳದ ಬಡಗಿಯನ್ನು ಕೇಳಿದಳು. ಅವನು ಉಳಿ ಮಸೆಯುತ್ತಲೇ, ನನ್ನ ಬಾಯಿಂದ ಯಾಕೆ ಹೇಳಿಸುತ್ತೀಯ ಎಂದ. ಜೆಟ್ಟಿಯಲ್ಲಿ ಹತ್ತು ಜನಕ್ಕೆ ಗೊತ್ತಿತ್ತು. ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

ಅಣ್ಣ ಮನೆಯ ಹಿಂದಿನ ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ಟ್ಯಾಂಕು ಅವನ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು, ಒಂದು ಬದಿ ತಗ್ಗಾಗಿ, ತಗ್ಗಿನಲ್ಲಿ ಬಿಳಿ ಬಣ್ಣ ಮೆತ್ತಿಕೊಂಡು. ಅಡಗಿಸುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ. ಅದನ್ನು ನೋಡಿದ ಮೇಲೆ ಅವಳು ಕೇಳಬೇಕಾದದ್ದು ಹೆಚ್ಚಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಕೂರಿಸಿದ್ದು ಎಂದು ಅವನೇ ಹೇಳಿದ. ಕೊಡ ಕೊಡ ನೀರು ಹೊರುವ ಗೋಳು ತಪ್ಪಲಿ ಅಂತ. ಗುದ್ದಿದ ದಿನ, ತಮ್ಮನನ್ನು ಆಸ್ಪತ್ರೆಗೆ ಹಾಕಿದ ಮೇಲೆ ಬಂದು ಬಿಚ್ಚಿದ್ದ, ಕಚೇರಿಯವರು ನೋಡಲು ಬರುವ ಮುಂಚೆ.

“ಟ್ಯಾಂಕಿನ ಮಾತು ಬಂದ್ರೆ ಬೋಟಿನ ಪರವಾನಗಿ ಹೋಗುತ್ತೆ,” ಎಂದ. “ಮನೆಮಂದಿಯೆಲ್ಲ ಅದನ್ನೇ ನಂಬಿಕೊಂಡಿದೀವಿ. ನಾನು ಒಪ್ಕೊಂಡ್ರೆ ಅವನ ಕಾಲು ವಾಪಸ್ ಬರುತ್ತಾ?”

“ಅವನು ದೀಪ ಹಾಕಿಲ್ಲ ಅಂತ ಊರೆಲ್ಲ ಓದಿದಾಗ ನೀನು ಎಲ್ಲಿದ್ದೆ?”

ಅಣ್ಣ ಬಲೆಯ ಗಂಟು ಬಿಗಿದ.

“ಅಪ್ಪ ಸತ್ತ ಮೇಲೆ ಇವನನ್ನ ಹೆಗಲ ಮೇಲೆ ಹೊತ್ತು ಸಾಕಿದೋನು ನೀನು. ಅದಕ್ಕೇ ಇಷ್ಟು ಹೊತ್ತು ನಿಂತು ಮಾತಾಡ್ತಿದೀನಿ. ಬೇರೆ ಯಾರಾದ್ರೂ ಆಗಿದ್ರೆ ಈ ಟ್ಯಾಂಕನ್ನ ತಲೆ ಮೇಲೆ ಎತ್ತಿಹಾಕ್ತಿದ್ದೆ.”

ಅತ್ತಿಗೆ ಒಳಗಿನಿಂದ ನೀರು ತಂದು ನಿಂತಿದ್ದಳು. ಬಲ್ಬಕ್ಕ ಲೋಟ ಮುಟ್ಟದೆ ಹೊರಟಳು.

ಆಸ್ಪತ್ರೆಗೆ ಹೋದಳು. ತಮ್ಮ ದಿಂಬಿಗೆ ಒರಗಿ ಕೂತು ಪಕ್ಕದ ಮಂಚದವನ ಜೊತೆ ನಗುತ್ತಿದ್ದ. ಟ್ಯಾಂಕು ಅಂದ ಕೂಡಲೇ ನಗು ನಿಂತಿತು. ಅವನಿಗೂ ಗೊತ್ತಿತ್ತು. ಕೂರಿಸಿದ ದಿನವೇ ಅಣ್ಣನಿಗೆ ಹೇಳಿದ್ದನಂತೆ, ದೀಪ ಮರೆಯಾಗುತ್ತೆ ಅಂತ. ಆಮೇಲೆ ನೋಡೋಣ ಎಂದಿದ್ದನಂತೆ ಅಣ್ಣ.

“ಹೇಳೋಕೆ ನಿನಗೆ ಏನಾಗಿತ್ತು?”

“ಅಣ್ಣ ಅಲ್ವಾ, ಅಕ್ಕ.”

“ಕಾಲು ಹೋಯ್ತು ಅಂತ ಅತ್ತಿದ್ದೆ. ಬುದ್ಧಿ ಅದಕ್ಕಿಂತ ಮೊದಲೇ ಹೋಗಿತ್ತು ಅಂತ ಗೊತ್ತಿರಲಿಲ್ಲ,” ಎಂದಳು. ನರ್ಸು ಬಂದು ಮೆಲ್ಲಗೆ ಮಾತಾಡಿ ಎಂದಾಗ ಅವಳಿಗೂ ಎರಡು ಬೈಗುಳ ಬಿತ್ತು. ಆಮೇಲೆ ಬಲ್ಬಕ್ಕ ತಮ್ಮನ ಹೊದಿಕೆ ಸರಿಮಾಡಿ, ಅವನ ಮುಖ ನೋಡದೆ, ನಾಳೆ ಕಚೇರಿಗೆ ಹೋಗಿ ಹೇಳುತ್ತೇನೆ ಎಂದಳು. ಅವನು ಬೇಡ ಎಂದ. ಆ ಲಾಂಚಿನವನು ಯಾರದೋ ಅಣ್ಣ, ಯಾರದೋ ತಮ್ಮ ಎಂದಳು. ಅವನು ಗೋಡೆ ಕಡೆ ತಿರುಗಿಕೊಂಡ.

ಮೂರನೇ ಸಲ ವರದಿ ಬರೆಯಬೇಕಾಗಿ ಬಂದ ಅಧಿಕಾರಿಗೆ ನಗು ಬರಲಿಲ್ಲ. ಬಲ್ಬಕ್ಕ ಅವನನ್ನೂ ಬಿಡಲಿಲ್ಲ. ಲಂಗರು ಹಾಕಿದ ಬೋಟಿನ ದೀಪ ನಾಲ್ಕೂ ಕಡೆಯಿಂದ ಕಾಣಬೇಕು ಎಂದು ನಿಮ್ಮ ಪುಸ್ತಕದಲ್ಲೇ ಇದೆ, ವರ್ಷಾ ವರ್ಷಾ ತಪಾಸಣೆಯ ಮುದ್ರೆ ಒತ್ತುತ್ತೀರಿ, ಒಬ್ಬರಾದರೂ ಒಂದು ದಿನ ಬೋಟಿನ ಸುತ್ತ ಹೋಗಿ ನೋಡಿದ್ದೀರಾ ಎಂದು ಕೇಳಿದಳು. ಅವನು ಗುಮಾಸ್ತನ ಮುಖ ನೋಡಿದ, ಗುಮಾಸ್ತ ಫ್ಯಾನು ನೋಡಿದ.

ಅಣ್ಣನ ಪರವಾನಗಿ ಆರು ತಿಂಗಳು ಹಿಡಿದಿಟ್ಟರು. ಚಾಲಕ ಕೆಲಸಕ್ಕೆ ಮರಳಿದ. ಅವನು ಅಂಗಡಿಗೆ ಬಂದು ಕೈಮುಗಿದಾಗ ಬಲ್ಬಕ್ಕ, ನಾನು ನಿನಗೆ ಅಂದ ಮಾತಿಗೆ ನಾನೇ ಕೈಮುಗಿಯಬೇಕು, ನೀನು ಮೊದಲೇ ಮುಗಿದು ನನ್ನ ಮಾನ ಕಳೆಯಬೇಡ ಎಂದು ಗದರಿದಳು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ತಮ್ಮ ಅವಳ ಮನೆಗೇ ಬಂದ. ಒಂದು ವಾರ ಮಾತಿಲ್ಲ. ಎರಡನೇ ವಾರ ಅಂಗಡಿಯಲ್ಲಿ ಕೂತು ಬ್ಯಾಟರಿಗೆ ನೀರು ಹಾಕತೊಡಗಿದ. ಅಣ್ಣನ ಮನೆಯಿಂದ ಅತ್ತಿಗೆ ಮಾತ್ರ ಬರುತ್ತಿದ್ದಳು, ಅವಳೂ ಬಾಗಿಲಲ್ಲೇ ನಿಂತು ಹೋಗುತ್ತಿದ್ದಳು.

ಬಲ್ಬಕ್ಕ ಕಚೇರಿಯಿಂದ ಒಂದು ಹುಟ್ಟಿನ ದೋಣಿ ಕೇಳಿ ಪಡೆದಳು. ಮುಸ್ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಧಿಕಾರಿಯನ್ನೂ ಅದರಲ್ಲಿ ಕೂರಿಸಿಕೊಂಡು ಲಂಗರು ಹಾಕಿದ ಒಂದೊಂದು ಬೋಟನ್ನೂ ಸುತ್ತಿದಳು. ನಲವತ್ತೊಂದು ಬೋಟಿನಲ್ಲಿ ಹತ್ತೊಂಬತ್ತರ ದೀಪ ಯಾವುದಾದರೂ ಒಂದು ಕಡೆ ಮರೆ. ಒಂದಕ್ಕೆ ಒಣಹಾಕಿದ ಬಲೆ, ಒಂದಕ್ಕೆ ಬಾವುಟ, ಒಂದಕ್ಕೆ ಯಾರದೋ ಪಟ್ಟಾಪಟ್ಟಿ ಚಡ್ಡಿ. ಅವಳ ಗಂಟಲು ದಡದವರೆಗೂ ಕೇಳುತ್ತಿತ್ತು. ಮೂರು ಕಡೆಯಿಂದ ಚೆನ್ನಾಗಿ ಕಾಣುತ್ತಲ್ಲ ಅಕ್ಕ ಎಂದವನಿಗೆ, ನಾಲ್ಕನೇ ಕಡೆಯಿಂದ ಬರೋನು ಮನುಷ್ಯ ಅಲ್ವಾ ಎಂದಳು. ಆವತ್ತಿನಿಂದ ಅದು ಪ್ರತಿ ತಿಂಗಳ ಕೆಲಸವಾಯಿತು.

ಆರು ತಿಂಗಳು ಕಳೆದು ಅಣ್ಣನ ಬೋಟು ನೀರಿಗೆ ಇಳಿಯಿತು. ಆ ತಿಂಗಳ ಸುತ್ತಿನಲ್ಲಿ ಅವಳು ಅದನ್ನು ಕೊನೆಗೆ ಉಳಿಸಿಕೊಂಡಿದ್ದಳು. ಹೊಸ ಕಂಬ, ಬೇರೆ ಯಾರ ಕೈಯಲ್ಲೋ ಹಾಕಿಸಿದ್ದು. ಅಣ್ಣ ಕ್ಯಾಬಿನ್ನಿಗೆ ಆನಿಕೊಂಡು ನಿಂತಿದ್ದ. ಅವಳು ಒಂದು ಸುತ್ತು ಹೋದಳು, ಇನ್ನೊಂದು ಸುತ್ತು ಹೋದಳು. ಹುಟ್ಟು ಹಾಕುತ್ತಿದ್ದ ತಮ್ಮ ತಲೆಯೆತ್ತಲಿಲ್ಲ. ಬಲಗಡೆಯಿಂದ ನೋಡಿದರೆ ಹೊಗೆಕೊಳವೆ ದೀಪವನ್ನು ಒಂದು ಗಳಿಗೆ ನುಂಗಿ ಬಿಡುತ್ತಿತ್ತು.

“ಇನ್ನೂ ಎರಡಡಿ ಎತ್ತರ ಮಾಡಿಸು,” ಎಂದಳು. ಏಳು ತಿಂಗಳಲ್ಲಿ ಅವನಿಗೆ ಆಡಿದ ಮೊದಲ ಮಾತು ಅದು.

ನಾಳೆ ಮಾಡಿಸ್ತೀನಿ ಎಂದ ಅಣ್ಣ.

“ನಾಳೆ ಅಲ್ಲ. ಇವತ್ತು ಈ ಕೊಳವೆ ಮೇಲೆ ಇನ್ನೊಂದು ದೀಪ ಕಟ್ಟಿ ಮಲಗು. ಕಟ್ಟೋ ತನಕ ನಾನು ಇಲ್ಲಿಂದ ಕದಲಲ್ಲ.”

ಅಣ್ಣ ಒಳಗೆ ಹೋಗಿ ದೀಪ, ವೈರು ತಂದು ಮಾಡು ಹತ್ತಿದ. ಅವನ ಕೈ ಮೊದಲಿನಷ್ಟು ಚುರುಕಿರಲಿಲ್ಲ, ಗಂಟು ಎರಡು ಸಲ ಬಿಚ್ಚಿತು. ಬಲ್ಬಕ್ಕ ದೋಣಿಯಲ್ಲಿ ನಿಂತು, ಟೇಪು ಸುತ್ತು, ಟೇಪು ಸುತ್ತು ಎಂದು ಬೈಯುತ್ತಲೇ ಇದ್ದಳು.